ಗಾಯಕಿಯ ಮುಖ ಮಡಿಕೆಯೊಳಗೆ ಹೋಗಿದ್ದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಸಂಗೀತ ಪತ್ರಿಕೆಯ ಮುಖ್ಯ ಲೇಖನಕ್ಕೆ ಗಾಯಕಿಯ ಫೋಟೊವನ್ನು ಎದುರುಬದುರಿನ ಎರಡೂ ಪುಟ ತುಂಬುವಂತೆ ಹಾಕಿದ್ದೆವು. ಕಂಪ್ಯೂಟರಿನಲ್ಲಿ ಬಹಳ ಚೆನ್ನಾಗಿತ್ತು. ಅಚ್ಚಾಗಿ ಬಂದ ಮೇಲೆ ನೋಡಿದರೆ ಮೂಗೂ ಅರ್ಧ ಕಣ್ಣೂ ನಡುವಿನ ಮಡಿಕೆಯಲ್ಲಿ ಮಾಯ. ತಪ್ಪು ಪ್ರೆಸ್ಸಿನದೋ, ನಮ್ಮದೋ?

ಉತ್ತರ: ತಪ್ಪು ಪುಟವಿನ್ಯಾಸದ್ದು. ಎ4 ಅಳತೆಯ ಎರಡು ಪುಟ ಪರದೆಯ ಮೇಲೆ 420 ಮಿ.ಮೀ. ಅಗಲದ ಒಂದೇ ಹಾಳೆಯಂತೆ ಕಾಣುತ್ತವೆ. ಕೈಗೆ ಬಂದ ಪತ್ರಿಕೆಯಲ್ಲಿ ಅವು ನಡುವೆ ಒಳಕ್ಕೆ ಬಾಗುತ್ತವೆ. ಆ ಬಾಗು, ಅಂದರೆ ಗಟರ್, ಎಷ್ಟು ಜಾಗ ನುಂಗುತ್ತದೆ ಎನ್ನುವುದು ಬೈಂಡಿಂಗ್ ಮೇಲೆ ನಿಂತಿದೆ. ಹಾಗಾಗಿ ಯಾವ ಬೈಂಡಿಂಗ್ ಎಂದು ತಿಳಿಯುವ ಮುನ್ನ ಫೋಟೊದ ಜಾಗ ಗೊತ್ತುಮಾಡಬಾರದು.

ನಡುವೆ ಪಿನ್ ಹೊಡೆದ ಪತ್ರಿಕೆ ಹೆಚ್ಚುಕಡಿಮೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ, ಮಡಿಕೆಯಲ್ಲಿ ಕಳೆದುಹೋಗುವುದು ಕಡಿಮೆ. ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಪ್ರತಿ ಪುಟದ ಒಳಬದಿಯ ಸುಮಾರು 6ರಿಂದ 10 ಮಿ.ಮೀ. ಕಣ್ಣಿಗೆ ಸಿಗುವುದಿಲ್ಲ. ಪತ್ರಿಕೆ ದಪ್ಪಗಿದ್ದಷ್ಟೂ, ಕಾಗದ ಬಿರುಸಾಗಿದ್ದಷ್ಟೂ ನಷ್ಟ ಹೆಚ್ಚು. ಮುಖದ ಫೋಟೊವನ್ನು ಎರಡು ಪುಟಕ್ಕೆ ಹಿಗ್ಗಿಸಿದಾಗ ಮೂಗಿನ ಅಗಲ 40 ಮಿ.ಮೀ. ಇರಬಹುದು. ಅದರಲ್ಲಿ 12 ಮಿ.ಮೀ. ಹೋದರೆ ಉಳಿಯುವುದು ಗುರುತೇ ಸಿಗದ ಮುಖ. ಅಳತೆ ತಿಳಿಯಲು ಸುಲಭದ ದಾರಿ ಇದೆ. ಅದೇ ಬೈಂಡಿಂಗ್‌ನ, ಅಷ್ಟೇ ದಪ್ಪದ ಹಳೆಯ ಸಂಚಿಕೆಯೊಂದನ್ನು ತೆಗೆದುಕೊಳ್ಳಿ. ಓದುವಾಗ ಹಿಡಿಯುವಂತೆ ಹಿಡಿದು, ಒತ್ತದೆ ತೆರೆದು, ಎಲ್ಲಿಯವರೆಗೆ ಕಾಣುತ್ತದೋ ಅಲ್ಲಿಗೆ ಪೆನ್ಸಿಲ್ ಗೆರೆ ಎಳೆಯಿರಿ. ನಂತರ ಪುಟವನ್ನು ಬಿಚ್ಚಿ ತೆಗೆದು, ಗೆರೆಯಿಂದ ಒಳಅಂಚಿಗೆ ಎಷ್ಟಿದೆ ಎಂದು ಸ್ಕೇಲಿನಲ್ಲಿ ಅಳೆಯಿರಿ. ನಿಮ್ಮ ಲೆಕ್ಕ ಶುರುವಾಗಬೇಕಾದ್ದು ಆ ಅಳತೆಯಿಂದ.

ಇನ್ನು ಫೋಟೊ. ಮುಖ ಪೂರ್ತಿಯಾಗಿ ಒಂದೇ ಪುಟದಲ್ಲಿರಬೇಕು, ಇದರಲ್ಲಿ ರಾಜಿ ಬೇಡ. ಮಡಿಕೆ ದಾಟಲು ಕತ್ತಲೆ, ಬೆಳಕಿನ ಮಬ್ಬು, ವೇದಿಕೆಯ ಪರದೆ, ಚಾಚಿದ ತೋಳು ಇಂಥವನ್ನು ಬಿಡಿ. ವಾದ್ಯ ದಾಟುವುದಾದರೆ ಕೋನ ನೋಡಿಕೊಳ್ಳಿ. ವೀಣೆಯ ದಂಡಿಯೋ ಗಿಟಾರಿನ ಕುತ್ತಿಗೆಯೋ 45 ಡಿಗ್ರಿ ಓರೆಯಾಗಿ ದಾಟಿ, 12 ಮಿ.ಮೀ. ನುಂಗಿಹೋದರೆ, ಎಡಪುಟದ ತುಂಡಿಗೂ ಬಲಪುಟದ ತುಂಡಿಗೂ 12 ಮಿ.ಮೀ. ಏರುಪೇರಾಗುತ್ತದೆ. ವಾದ್ಯ ಮುರಿದಂತೆಯೇ ಕಾಣುತ್ತದೆ. ಅದೇ 10 ಡಿಗ್ರಿ ಓರೆಯಾದರೆ ಏರುಪೇರು 2 ಮಿ.ಮೀ. ಆಸುಪಾಸು, ಯಾರ ಕಣ್ಣಿಗೂ ಬೀಳದು. ತಂತಿಯಂಥ ತೆಳು ಗೆರೆ ಮಾತ್ರ ಅಡ್ಡಡ್ಡ ಇದ್ದರೂ ಅಪಾಯವೇ, ಏಕೆಂದರೆ ಹಾಳೆ ಮಡಿಸುವಾಗ ಒಂದು ಮಿ.ಮೀ. ಮೇಲೆಕೆಳಗಾದರೂ ಅದು ತುಂಡಾಗಿ ಕಾಣುತ್ತದೆ.

ಕಛೇರಿಯ ಫೋಟೊಗಳಲ್ಲಿ ಗಾಯಕಿ ಸರಿಯಾಗಿ ಚೌಕಟ್ಟಿನ ನಡುವೆ ಇರುತ್ತಾರೆ, ತೊಂದರೆ ಬರುವುದೇ ಅಲ್ಲಿ. ಒಂದು ಬದಿಯನ್ನು ಕತ್ತರಿಸಿ ಪಕ್ಕಕ್ಕೆ ಸರಿಸಬಹುದು, ಆದರೆ ಪಿಕ್ಸೆಲ್ ಲೆಕ್ಕ ಇಟ್ಟುಕೊಳ್ಳಿ. ನಾಲ್ಕೂ ಬದಿಗೆ 3 ಮಿ.ಮೀ. ಬ್ಲೀಡ್ (ಅಚ್ಚಾದ ಮೇಲೆ ಕತ್ತರಿಸಿಹೋಗುವ ಹೆಚ್ಚುವರಿ ಅಂಚು) ಸೇರಿ 426 × 303 ಮಿ.ಮೀ. ಚಿತ್ರಕ್ಕೆ 300 ಪಿಪಿಐನಲ್ಲಿ (ಅಂಗುಲಕ್ಕೆ 300 ಪಿಕ್ಸೆಲ್) ಸುಮಾರು 5032 × 3579 ಪಿಕ್ಸೆಲ್ ಬೇಕು. 6000 ಪಿಕ್ಸೆಲ್ ಅಗಲದ ಫೋಟೊದ ಕಾಲುಭಾಗ ಕತ್ತರಿಸಿದರೆ ಉಳಿಯುವ 4500 ಪಿಕ್ಸೆಲ್‌ಗೆ ಸುಮಾರು 268 ಪಿಪಿಐ ಬರುತ್ತದೆ, ಅಡ್ಡಿಯಿಲ್ಲ. ಆದರೆ ಎತ್ತರವನ್ನೂ ಅದಕ್ಕೆ ತಕ್ಕಂತೆ ಕತ್ತರಿಸಬೇಕಾಗುತ್ತದೆ ಎಂಬುದು ನೆನಪಿರಲಿ. 200 ಪಿಪಿಐಗಿಂತ ಕೆಳಗಿಳಿದರೆ ಕಣ್ಣಿನ ರೆಪ್ಪೆ, ಕೂದಲೆಳೆ ಮಂಕಾಗುತ್ತವೆ. ಹಿನ್ನೆಲೆ ಕಪ್ಪಾಗಿದ್ದರೆ ಕತ್ತರಿಸುವುದಕ್ಕಿಂತ ಆ ಕಪ್ಪನ್ನೇ ಒಂದು ಬದಿಗೆ 50–60 ಮಿ.ಮೀ. ಬೆಳೆಸುವುದು ಲೇಸು.

ಜಾಗ ಹೊಂದಿಸಲೆಂದು ಫೋಟೊವನ್ನು ಕನ್ನಡಿಯಂತೆ ತಿರುಗಿಸಲೇಬೇಡಿ. ಪಿಟೀಲಿನ ಬಿಲ್ಲು ಎಡಗೈಗೆ ಬರುತ್ತದೆ, ತಬಲಾದ ದಾಯಾಂ ಬಾಯಾಂ ಅದಲುಬದಲಾಗುತ್ತವೆ, ಸೆರಗು ಬೇರೆ ಹೆಗಲೇರುತ್ತದೆ. ಸಂಗೀತ ಪತ್ರಿಕೆಯ ಓದುಗರು ಮೊದಲು ಹಿಡಿಯುವ ತಪ್ಪು ಇದು, ಕಲಾವಿದರಿಗೆ ನೋವಾಗುವ ತಪ್ಪೂ ಹೌದು. ಮುಖ ನೋಡುವ ದಿಕ್ಕು ಎದುರಿನ ಪುಟದ ಬರಹದ ಕಡೆಗಿರಲಿ. ಎಡಕ್ಕೆ ನೋಡುವ ಮುಖವಾದರೆ ಅದನ್ನು ಬಲಪುಟಕ್ಕೆ ಹಾಕಿ, ಅಷ್ಟೇ.

ಎರಡೂ ಪುಟಕ್ಕೆ ಹರಡಲೇಬೇಕೆಂಬ ನಿಯಮವೇನೂ ಇಲ್ಲ. 1987ರಿಂದ ರೋಲಿಂಗ್ ಸ್ಟೋನ್ ಪತ್ರಿಕೆಯ ಕಲಾ ನಿರ್ದೇಶಕರಾಗಿದ್ದ ಫ್ರೆಡ್ ವುಡ್‌ವರ್ಡ್ ಹೆಸರು ಮಾಡಿದ್ದೇ ಒಂದು ಪುಟದಲ್ಲಿ ಪೂರ್ಣ ಭಾವಚಿತ್ರ, ಎದುರು ಪುಟದಲ್ಲಿ ಬರಿಯ ಅಕ್ಷರಗಳ ಆಟ ಎಂಬ ವಿನ್ಯಾಸದಿಂದ. ಪಿನ್ ಹೊಡೆದ ದೊಡ್ಡ ಅಳತೆಯಲ್ಲಿ ಬರುತ್ತಿದ್ದ ಆ ಪತ್ರಿಕೆ 2008ರಲ್ಲಿ ಚಿಕ್ಕ ಅಳತೆಗೂ ಅಂಟಿನ ಬೈಂಡಿಂಗ್‌ಗೂ ಬದಲಾಯಿತು. ಅಂಥ ಬದಲಾವಣೆಯಲ್ಲೂ ಕೆಡದೆ ಉಳಿಯುವ ವಿನ್ಯಾಸ ಇದು, ಮಡಿಕೆಯನ್ನು ಮುಟ್ಟುವುದೇ ಇಲ್ಲವಲ್ಲ. ನಿಮ್ಮಲ್ಲಿ ಉದ್ದುದ್ದ ತೆಗೆದ ಒಂದು ಒಳ್ಳೆಯ ಭಾವಚಿತ್ರವಿದ್ದರೆ ನಮ್ಮ ಮೊದಲ ಸಲಹೆ ಇದೇ.

ಹರಡಲೇಬೇಕೆಂದಾದರೆ ಯಾವ ಪುಟಗಳಲ್ಲಿ ಎಂದೂ ಯೋಚಿಸಿ. ಪಿನ್ ಹೊಡೆದ 48 ಪುಟದ ಪತ್ರಿಕೆಯಲ್ಲಿ 24–25 ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಅಚ್ಚಾಗುತ್ತವೆ. ಅಂಟಿನ ಬೈಂಡಿಂಗ್‌ನಲ್ಲಿ, 16 ಪುಟದ ಫಾರ್ಮ್‌ಗಳಾದರೆ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಿಸಿದ ಕಂತೆ), 8–9, 24–25, 40–41 ಹಾಗೆ ಬರುತ್ತವೆ. ಮಿಕ್ಕ ಜೋಡಿಗಳಲ್ಲಿ ಎಡ ಬಲ ಪುಟಗಳು ಅಕ್ಕಪಕ್ಕ ಅಚ್ಚಾಗುವುದಿಲ್ಲ. ಶಾಯಿ ತುಸು ಹೆಚ್ಚುಕಡಿಮೆಯಾದರೂ ಮಡಿಕೆಯ ಆಚೆ ಈಚೆ ಚರ್ಮದ ಬಣ್ಣ ಬೇರೆಬೇರೆಯಾಗುತ್ತದೆ.

ಅಂಟಿನ ಬೈಂಡಿಂಗ್‌ಗೆ ಒಂದು ಹಳೆಯ ಉಪಾಯವುಂಟು. ಎರಡೂ ಪುಟದ ಚಿತ್ರವನ್ನು ಮಡಿಕೆಯಿಂದ ಹೊರಕ್ಕೆ 3–5 ಮಿ.ಮೀ. ಸರಿಸಿ, ನಡುವಿನ ಪಟ್ಟಿ ಎರಡೂ ಕಡೆ ಪುನರಾವರ್ತನೆ ಆಗುವಂತೆ ಮಾಡುವುದು. ಮಡಿಕೆ ಆ ಪಟ್ಟಿಯನ್ನು ನುಂಗಿದಾಗ ಚಿತ್ರ ಕೂಡಿಕೊಂಡಂತೆ ಕಾಣುತ್ತದೆ. ಪಿನ್ ಹೊಡೆದ ಪತ್ರಿಕೆಗೆ ಇದನ್ನು ಮಾಡಿದರೆ ಆ ಪಟ್ಟಿ ಎರಡೆರಡು ಸಲ ಕಾಣುತ್ತದೆ.

ತಲೆಬರಹ ದಾಟುವುದಾದರೆ ಎರಡು ಪದಗಳ ನಡುವೆಯೇ ದಾಟಲಿ, ಎರಡೂ ಕಡೆ 10 ಮಿ.ಮೀ.ಯಾದರೂ ಬಿಡಿ. ಸಮಾಸಪದವನ್ನು ಮಡಿಕೆಯಲ್ಲಿ ಒಡೆದರೆ ಅದನ್ನು ಯಾರೂ ಒಂದೇ ಉಸಿರಿಗೆ ಓದಲಾರರು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬಂದರೆ ಕನ್ನಡಕ್ಕೆ ವಿಶೇಷ ಎಚ್ಚರ ಬೇಕು. ನಾಲ್ಕೂ ಶಾಯಿ ಸೇರಿದ ಕಪ್ಪಿನಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಜರುಗಿದರೂ ಒತ್ತಕ್ಷರದ ತೆಳು ಬಿಳಿ ಗೆರೆಗಳು ತುಂಬಿಹೋಗುತ್ತವೆ, ‘ಷ್ಠ’ ಬರಿಯ ಚುಕ್ಕೆಯಾಗುತ್ತದೆ. 11 ಪಾಯಿಂಟ್‌ಗಿಂತ ಚಿಕ್ಕದು ಬೇಡ, ಅಕ್ಷರ ಒಂದು ಹಂತ ದಪ್ಪಗಿರಲಿ, ಸಾಲಿನಿಂದ ಸಾಲಿಗೆ 15–16 ಪಾಯಿಂಟ್ ಅಂತರವಿರಲಿ. ಕಪ್ಪಿನ ಒಟ್ಟು ಶಾಯಿ, ಅಂದರೆ ನಾಲ್ಕೂ ಶಾಯಿಗಳ ಶೇಕಡಾ ಕೂಡಿದ ಮೊತ್ತ, 300 ದಾಟದಿರಲಿ. ಸಯನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಎಂದಿಟ್ಟರೆ 240 ಆಗುತ್ತದೆ, ಗಾಢವಾಗಿಯೂ ಬರುತ್ತದೆ, ಬೇಗ ಒಣಗುತ್ತದೆ. ವೇದಿಕೆಯ ಕಡುನೀಲಿ ಬೆಳಕು ಅಚ್ಚಿನಲ್ಲಿ ನೇರಳೆಗೆ ತಿರುಗುವುದುಂಟು, ಅದನ್ನು ಸಿಎಂವೈಕೆಗೆ, ಅಂದರೆ ಅಚ್ಚಿನ ಈ ನಾಲ್ಕು ಬಣ್ಣಗಳಿಗೆ, ಬದಲಿಸಿದ ಮೇಲೆ ನೋಡಿ ಮಜೆಂಟಾ ಇಳಿಸಬೇಕು.

ಪ್ರೆಸ್ಸಿಗೆ ಕಳಿಸುವ ಮುನ್ನ ಎರಡೂ ಪುಟವನ್ನು ಬೇರೆಬೇರೆ ಹಾಳೆಯಲ್ಲಿ ಪೂರ್ಣ ಅಳತೆಗೆ ಮುದ್ರಿಸಿ, ಒಳಅಂಚನ್ನು ನೀವು ಅಳೆದಷ್ಟು ಹಿಂದಕ್ಕೆ ಮಡಿಚಿ, ಜೋಡಿಸಿ ಗೋಡೆಗೆ ಅಂಟಿಸಿ ನೋಡಿ. ಪಿಡಿಎಫ್ ಒಂದೊಂದೇ ಪುಟವಾಗಿ ಹೋಗಲಿ, ಹಾಳೆಯ ಮೇಲೆ ಜೋಡಿಸುವುದು ಪ್ರೆಸ್ಸಿನ ಕೆಲಸ. ಅದೇ ಸಂಚಿಕೆ ಪರದೆಯಲ್ಲಿ ಓದಲೂ ಹೋಗುವುದಾದರೆ ಅದಕ್ಕೆ ಚಿತ್ರ ಸರಿಸದ ಮೂಲ ಫೈಲನ್ನೇ ಬಳಸಿ. ಇಲ್ಲದಿದ್ದರೆ ಅಲ್ಲಿ ನಡುವಿನ ಪಟ್ಟಿ ಎರಡು ಸಲ ಕಾಣುತ್ತದೆ.