ಜಾಹೀರಾತು ಓದುವ ಬಗೆ: ಮನವೊಲಿಕೆಯ ತಂತ್ರ ಮತ್ತು ಗಂಡು-ಹೆಣ್ಣಿನ ಪಡಿಯಚ್ಚು

ಪಠ್ಯದಲ್ಲಿ ಇವು ಎರಡು ಬೇರೆ ಬೇರೆ ಅಧ್ಯಾಯ. ಒಂದರಲ್ಲಿ ಜಾಹೀರಾತು ನಮ್ಮನ್ನು ಹೇಗೆ ಒಲಿಸುತ್ತದೆ ಎಂದು ಇರುತ್ತದೆ. ಇನ್ನೊಂದರಲ್ಲಿ ಅದು ಹೆಣ್ಣನ್ನೂ ಗಂಡನ್ನೂ ಹೇಗೆ ತೋರಿಸುತ್ತದೆ ಎಂದು. ನಾನೂ ಮೊದಲು ಹಾಗೇ ಓದಿದ್ದೆ. ಆಮೇಲೆ ನಿಜವಾದ ಜಾಹೀರಾತುಗಳನ್ನು ಮುಂದಿಟ್ಟುಕೊಂಡು ಕೂತಾಗ ಎರಡನ್ನೂ ಬಿಡಿಸಿ ನೋಡಲು ಆಗಲೇ ಇಲ್ಲ. ಯಾಕೆಂದರೆ ಪಡಿಯಚ್ಚು ಜಾಹೀರಾತಿಗೆ ಅಂಟಿಕೊಂಡ ಕಲೆ ಮಾತ್ರ ಅಲ್ಲ. ಅದೂ ಒಂದು ಮನವೊಲಿಕೆಯ ತಂತ್ರವೇ. ಈ ಒಂದು ಮಾತು ಹಿಡಿದುಕೊಂಡರೆ ಎರಡೂ ಅಧ್ಯಾಯ ಒಟ್ಟಿಗೆ ತೆರೆದುಕೊಳ್ಳುತ್ತವೆ.

ಮೊದಲು ಪದದ ಬಗ್ಗೆ. ಪುಸ್ತಕಗಳಲ್ಲಿ ಸ್ಟೀರಿಯೋಟೈಪ್ ಅಂತಲೋ ಸಿದ್ಧಮಾದರಿ ಅಂತಲೋ ಇರುತ್ತದೆ. ನಾನು ಪಡಿಯಚ್ಚು ಅನ್ನುತ್ತೇನೆ. ಸ್ಟೀರಿಯೋಟೈಪ್ ಮೂಲದಲ್ಲಿ ಅಚ್ಚುಕೂಟದ ಮಾತು. ಜೋಡಿಸಿದ ಅಚ್ಚುಮೊಳೆಗಳ ಪಡಿ ತೆಗೆದು, ಇಡೀ ಪುಟವನ್ನು ಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ಆ ಫಲಕಕ್ಕೆ ಆ ಹೆಸರು. ಅದರಿಂದ ಒಂದೇ ಪುಟವನ್ನು ಎಷ್ಟು ಸಲ ಬೇಕಾದರೂ ಒತ್ತಬಹುದು. ಒಂದಕ್ಷರ ಬದಲಿಸುವುದು ಮಾತ್ರ ಕಷ್ಟ. 1922ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಈ ಮಾತನ್ನು ನಮ್ಮ ತಲೆಯೊಳಗೆ ಕೂತ ಸಿದ್ಧ ಚಿತ್ರಗಳಿಗೆ ಬಳಸಿದರು. ಅಲ್ಲಿಂದ ಈ ಅರ್ಥವೇ ಜಾಸ್ತಿ ಬಳಕೆಗೆ ಬಂತು.

ಮನವೊಲಿಕೆ, ಚುಟುಕಾಗಿ

ಅರಿಸ್ಟಾಟಲ್ ಹೇಳಿದ ಮೂರು ದಾರಿ ಎಲ್ಲರಿಗೂ ಗೊತ್ತು: ಹೇಳುವವರ ಮೇಲಿನ ನಂಬಿಕೆ ಈಥೋಸ್, ಕೇಳುವವರ ಭಾವನೆ ಪೇಥೋಸ್, ಮಾತಿನ ತರ್ಕ ಲೋಗೋಸ್. 1984ರಲ್ಲಿ ಮನೋವಿಜ್ಞಾನಿ ರಾಬರ್ಟ್ ಚಾಲ್ಡಿನಿ ಆರು ಸೂತ್ರ ಕೊಟ್ಟರು. ಕೊಟ್ಟವರಿಗೆ ತಿರುಗಿ ಕೊಡಬೇಕೆನಿಸುವುದು, ಒಮ್ಮೆ ಆಡಿದ ಮಾತಿಗೆ ಕಟ್ಟುಬೀಳುವುದು, ನಾಲ್ಕು ಜನ ಮಾಡಿದ್ದನ್ನು ನೋಡಿ ಮಾಡುವುದು, ಇಷ್ಟವಾದವರ ಮಾತು ಕೇಳುವುದು, ತಿಳಿದವರಿಗೆ ತಲೆಬಾಗುವುದು, ಸಿಗದೇ ಹೋದೀತು ಎಂದು ಆತುರಪಡುವುದು. ಇವನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದೊಂದಕ್ಕೂ ನೀವೇ ನೋಡಿದ ಒಂದು ಜಾಹೀರಾತು ಜೋಡಿಸಿಕೊಳ್ಳಿ. ಬೇಗ ನೆನಪಿರುತ್ತದೆ.

ನನಗೆ ಇವಕ್ಕಿಂತ ಉಪಯೋಗಕ್ಕೆ ಬಂದದ್ದು ರಿಚರ್ಡ್ ಪೆಟ್ಟಿ ಮತ್ತು ಜಾನ್ ಕಾಸಿಯೊಪ್ಪೊ 1980ರ ದಶಕದಲ್ಲಿ ಬೆಳೆಸಿದ ಎರಡು ದಾರಿಗಳ ವಿಚಾರ. ಒಂದು ನೇರ ದಾರಿ: ಕೂತು ಯೋಚಿಸಿ, ತೂಗಿ ನೋಡಿ ಒಪ್ಪುವುದು. ಇನ್ನೊಂದು ಬದಿಯ ದಾರಿ: ಬಣ್ಣ, ಮುಖ, ಸಂಗೀತ, ಹೇಳುವವರ ಠೀವಿ ನೋಡಿ ಒಪ್ಪುವುದು. ಯೋಚಿಸಲು ಪುರುಸೊತ್ತು ಇಲ್ಲದಾಗ, ಅಥವಾ ವಿಷಯ ಅಷ್ಟೇನೂ ಮುಖ್ಯ ಅಲ್ಲ ಅನ್ನಿಸಿದಾಗ, ನಾವು ಬದಿಯ ದಾರಿ ಹಿಡಿಯುತ್ತೇವೆ. ಬಹಳಷ್ಟು ಜಾಹೀರಾತುಗಳನ್ನು ನಾವು ನೋಡುವುದು ಇಂಥ ಹೊತ್ತಿನಲ್ಲೇ ಅಲ್ವಾ?

ಪಡಿಯಚ್ಚು ಕೆಲಸಕ್ಕೆ ಬರುವುದು ಇಲ್ಲಿ. ಮೂವತ್ತು ಸೆಕೆಂಡಿನಲ್ಲಿ ಕಥೆ ಹೇಳಬೇಕು. ಪಾತ್ರ ಪರಿಚಯಿಸಲು ಸಮಯ ಇಲ್ಲ. ಹೆಂಗಸೊಬ್ಬಳು ಬಟ್ಟೆಯ ಕಲೆ ನೋಡಿ ಮುಖ ಸಣ್ಣದು ಮಾಡಿದರೆ ಸಾಕು, ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಇವಳು ತಾಯಿ, ಬಟ್ಟೆ ಒಗೆಯುವುದು ಇವಳ ಹೊಣೆ, ಕಲೆ ಉಳಿದರೆ ಮಾತು ಕೇಳುವವಳೂ ಇವಳೇ. ಜಾಹೀರಾತು ಇದ್ಯಾವುದನ್ನೂ ಬಾಯಿಬಿಟ್ಟು ಹೇಳಿಲ್ಲ. ನಮ್ಮ ತಲೆಯೊಳಗಿನ ಅಚ್ಚೇ ಹೇಳಿತು. ಬಾಯಿಬಿಟ್ಟು ಹೇಳದ ಮಾತಿಗೆ ನಾವು ಎದುರು ವಾದ ಹೂಡುವುದಿಲ್ಲ. ಅದಕ್ಕೇ ಇದು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದೇ ದೃಶ್ಯ, ನಿಧಾನವಾಗಿ

ಅದೇ ಬಟ್ಟೆ ಸೋಪಿನ ಪುಡಿಯ ಜಾಹೀರಾತನ್ನು ಪೂರ್ತಿ ಮಾಡಿ ನೋಡೋಣ. ಇದು ಯಾವ ಕಂಪನಿಯದ್ದೂ ಅಲ್ಲ, ಅಭ್ಯಾಸಕ್ಕೆ ನಾನೇ ಕಟ್ಟಿದ್ದು. ಮಗ ಕೆಸರಾಗಿ ಬರುತ್ತಾನೆ. ತಾಯಿ ಗಾಬರಿಯಾಗುತ್ತಾಳೆ. ಬಿಳಿ ಕೋಟಿನ ಗಂಡಸು ಬಂದು ಪುಡಿಯೊಳಗಿನ ವಿಜ್ಞಾನ ವಿವರಿಸುತ್ತಾನೆ. ತಾಯಿ ಒಗೆಯುತ್ತಾಳೆ. ಅಂಗಿ ಹೊಳೆಯುತ್ತದೆ. ತಂದೆ ಪತ್ರಿಕೆಯಿಂದ ತಲೆ ಎತ್ತಿ ಮೆಚ್ಚುಗೆಯಿಂದ ನಗುತ್ತಾನೆ. ಗಂಡಸಿನ ಹಿನ್ನೆಲೆ ದನಿ ಹೇಳುತ್ತದೆ: ಈಗ ಎರಡು ಪಟ್ಟು ಬಿಳುಪು.

ತಂತ್ರ ಹುಡುಕುವುದು ಸುಲಭ. ಬಿಳಿ ಕೋಟು ಈಥೋಸ್, ತಾಯಿಯ ಮಮತೆ ಪೇಥೋಸ್. ಎರಡು ಪಟ್ಟು ಅನ್ನುವುದು ಲೋಗೋಸಿನ ವೇಷ. ಯಾವುದಕ್ಕಿಂತ ಎರಡು ಪಟ್ಟು? ಹೇಳಿಲ್ಲ. ಹೋಲಿಕೆ ಇದೆ, ಹೋಲಿಸಿದ ವಸ್ತು ಇಲ್ಲ. ಪರೀಕ್ಷೆಯಲ್ಲಿ ಇದನ್ನು ಗುರುತಿಸಿ ಬರೆದರೆ ನೀವು ಸುಮ್ನೆ ಹೆಸರು ಪಟ್ಟಿ ಮಾಡಿಲ್ಲ ಅಂತ ಓದುವವರಿಗೆ ತಿಳಿಯುತ್ತದೆ.

ಈಗ ಪ್ರಶ್ನೆ ಬದಲಿಸಿ. ಇಲ್ಲಿ ತಿಳಿದವರು ಯಾರು? ಮಾಡುವವರು ಯಾರು? ತೀರ್ಪು ಕೊಡುವವರು ಯಾರು? ತಿಳಿವಳಿಕೆ ಒಬ್ಬ ಗಂಡಸಿನದು, ತೀರ್ಪು ಇನ್ನೊಬ್ಬನದು, ನಡುವಿನ ಕೆಲಸವಷ್ಟೇ ಹೆಂಗಸಿನದು. ದಿನವೂ ಬಟ್ಟೆ ಒಗೆಯುವವಳಿಗೇ ಒಗೆಯುವುದರ ಬಗ್ಗೆ ಪಾಠ. ಬಿಳಿ ಕೋಟಿನ ತೂಕ ನಿಂತಿರುವುದೇ ಈ ಏರುಪೇರಿನ ಮೇಲೆ. ಪಡಿಯಚ್ಚನ್ನು ತೆಗೆದುಬಿಟ್ಟರೆ ತಂತ್ರವೂ ಸಡಿಲವಾಗುತ್ತದೆ. ತಂದೆಯನ್ನು ಒಗೆಯಲು ನಿಲ್ಲಿಸಿ, ತಾಯಿಗೆ ಪತ್ರಿಕೆ ಕೊಟ್ಟು, ದೃಶ್ಯವನ್ನು ಮತ್ತೆ ಓಡಿಸಿ ನೋಡಿ. ವಿಚಿತ್ರ ಅನ್ನಿಸುವ ಜಾಗಗಳೆಲ್ಲ ಅಚ್ಚು ಕೂತಿದ್ದ ಜಾಗಗಳು. ಈ ಅದಲು ಬದಲಿನ ಅಭ್ಯಾಸವನ್ನು ಯಾವ ಜಾಹೀರಾತಿಗೂ ಮಾಡಬಹುದು.

ಇದು ನನ್ನ ಕಲ್ಪನೆ ಮಾತ್ರ ಅಲ್ಲ. 1975ರಲ್ಲಿ ಮೆಕಾರ್ಥರ್ ಮತ್ತು ರೆಸ್ಕೊ ಎಂಬ ಸಂಶೋಧಕರು ಅಮೆರಿಕದ ಟಿವಿ ಜಾಹೀರಾತುಗಳನ್ನು ಲೆಕ್ಕ ಹಾಕಿ ನೋಡಿದರು. ಗಂಡಸರು ಹೆಚ್ಚಾಗಿ ವಸ್ತುವಿನ ಬಗ್ಗೆ ತಿಳಿದವರಾಗಿ, ಹೆಂಗಸರು ಹೆಚ್ಚಾಗಿ ವಸ್ತುವನ್ನು ಬಳಸುವವರಾಗಿ ಕಂಡರು.

ಕೊರತೆಯನ್ನು ಮೊದಲು ಮಾರುವುದು

ಈ ಭಾಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಮದ್ದು ಮಾರಬೇಕಾದರೆ ಮೊದಲು ಕಾಯಿಲೆ ಬೇಕು. ಬಾಯಿ ಮುಕ್ಕಳಿಸುವ ದ್ರವ ಲಿಸ್ಟರಿನ್ ಶುರುವಾದದ್ದು ಶಸ್ತ್ರಚಿಕಿತ್ಸೆಯ ಕ್ರಿಮಿನಾಶಕವಾಗಿ. 1920ರ ದಶಕದಲ್ಲಿ ಅದರ ಜಾಹೀರಾತುಗಳು ಬಾಯಿವಾಸನೆಗೆ ಹ್ಯಾಲಿಟೋಸಿಸ್ ಎಂಬ ವೈದ್ಯರ ಪದವನ್ನು ಎಳೆತಂದವು. ವಾಸನೆಗೆ ರೋಗದ ಹೆಸರು ಬಂತು. ಅವುಗಳಲ್ಲಿ ಹೆಸರಾದದ್ದು ಗೆಳತಿಯರ ಮದುವೆಗೆಲ್ಲ ಓಡಾಡಿ ತಾನು ಮಾತ್ರ ಮದುವೆಯಾಗದೆ ಉಳಿದ ಹೆಣ್ಣಿನ ಕಥೆ. ಕಾರಣ ಅವಳ ಬಾಯಿ, ಅವಳಿಗೇ ಗೊತ್ತಿಲ್ಲ, ಹತ್ತಿರದವರೂ ಹೇಳುವುದಿಲ್ಲ. ಹೆದರಿಕೆ ಎಷ್ಟು ಆಳಕ್ಕೆ ಇಳಿದಿದೆ ನೋಡಿ. ಮದುವೆಯಾಗದ ಹೆಣ್ಣು ಸೋತವಳು ಎಂಬ ಅಚ್ಚು ಮೊದಲೇ ಇಲ್ಲದಿದ್ದರೆ ಆ ಕಥೆ ಯಾರನ್ನೂ ಹೆದರಿಸುತ್ತಿರಲಿಲ್ಲ.

1915ರಲ್ಲಿ ಜಿಲೆಟ್ ಕಂಪನಿ ಹೆಂಗಸರಿಗೆಂದೇ ರೇಜರ್ ತಂದಿತು. ತೋಳಿಲ್ಲದ ಉಡುಪು ಫ್ಯಾಷನ್ ಆಗುತ್ತಿದ್ದ ಕಾಲ ಅದು. ಕಂಕುಳ ಕೂದಲು ಅಸಹ್ಯ, ತೆಗೆಯಲೇಬೇಕು ಎಂದು ಆ ಕಾಲದ ಪತ್ರಿಕಾ ಜಾಹೀರಾತುಗಳು ಹೇಳತೊಡಗಿದವು. ಗಂಡಸರ ಕಂಕುಳಲ್ಲೂ ಕೂದಲಿತ್ತು. ಅದನ್ನು ಯಾರೂ ಕೊರತೆ ಅನ್ನಲಿಲ್ಲ.

ಒಂದೇ ಸಿಗರೇಟು, ಎರಡು ಅಚ್ಚು

ಪಡಿಯಚ್ಚು ಅಂದರೆ ಹಳೆಯ ಕಾಲದ ನಂಬಿಕೆ, ಜಾಹೀರಾತಿನವರು ಸುಮ್ನೆ ಅದನ್ನು ಮುಂದುವರಿಸುತ್ತಾರೆ ಎಂದು ಕೆಲವರು ಬರೆಯುತ್ತಾರೆ. ಅರ್ಧ ಸತ್ಯ. ಮಾರಾಟಕ್ಕೆ ಬೇಕಾದರೆ ಅವರು ಅಚ್ಚನ್ನು ಮುರಿಯುತ್ತಾರೆ, ಹೊಸದನ್ನೂ ಎರಕ ಹೊಯ್ಯುತ್ತಾರೆ.

1929ರ ಮಾರ್ಚ್ 31, ಈಸ್ಟರ್ ಭಾನುವಾರ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಮೆರವಣಿಗೆಯಲ್ಲಿ ಕೆಲವು ಯುವತಿಯರು ಎಲ್ಲರೆದುರು ಸಿಗರೇಟು ಹಚ್ಚಿದರು. ಹೆಂಗಸರು ಬೀದಿಯಲ್ಲಿ ಸೇದುವುದನ್ನು ಆಗ ಕೀಳಾಗಿ ನೋಡುತ್ತಿದ್ದರು. ಸಿಗರೇಟಿಗೆ ಇಟ್ಟ ಹೆಸರು ಸ್ವಾತಂತ್ರ್ಯದ ಪಂಜು. ಇದರ ಹಿಂದೆ ಇದ್ದದ್ದು ಪ್ರಚಾರ ತಜ್ಞ ಎಡ್ವರ್ಡ್ ಬರ್ನೇಸ್. ಅವರಿಗೆ ಹಣ ಕೊಟ್ಟದ್ದು ಅಮೆರಿಕನ್ ಟೊಬ್ಯಾಕೊ ಕಂಪನಿ. ಪತ್ರಿಕೆಗಳು ಅದನ್ನು ಸುದ್ದಿಯಾಗಿ ಅಚ್ಚು ಹಾಕಿದವು. ಸಮಾನತೆಗಾಗಿ ಹೆಂಗಸರು ನಿಜವಾಗಿಯೂ ಹೋರಾಡುತ್ತಿದ್ದ ಕಾಲದಲ್ಲಿ ಆ ಹೋರಾಟದ ಮಾತನ್ನೇ ಎರವಲು ಪಡೆದು ತಂಬಾಕು ಮಾರಿದರು. ಇದನ್ನು ಓದಿದಾಗ ನನಗೆ ಬೇಸರವಾಯಿತು, ಈಗಲೂ ಆಗುತ್ತದೆ.

ಇದರ ಪಕ್ಕದಲ್ಲಿ ಮಾರ್ಲ್‌ಬೊರೊ ಇಟ್ಟು ನೋಡಿ. 1920ರ ದಶಕದಲ್ಲಿ ಅದನ್ನು ಹೆಂಗಸರ ಮೆದು ಸಿಗರೇಟೆಂದು ಮಾರುತ್ತಿದ್ದರು. 1950ರ ದಶಕದಲ್ಲಿ ಫಿಲ್ಟರ್ ಸಿಗರೇಟನ್ನು ಗಂಡಸರಿಗೂ ಮಾರಬೇಕಾಯಿತು. ಫಿಲ್ಟರ್ ಹೆಂಗಸರದ್ದು ಎಂಬ ಅಚ್ಚು ಅಡ್ಡ ಬಂತು. ಲಿಯೊ ಬರ್ನೆಟ್ ಏಜೆನ್ಸಿ ಕುದುರೆ ಮೇಲಿನ ಕೌಬಾಯ್‌ನನ್ನು ತಂದಿತು. ಮೆದು ಸಿಗರೇಟು ಗಂಡಸುತನದ ಗುರುತಾಯಿತು. ಹೆಸರು ಅದೇ. ಬದಲಾದದ್ದು ಅಚ್ಚು.

ಚಿತ್ರ ಓದಲು ಗಾಫ್‌ಮನ್

ಮುದ್ರಿತ ಜಾಹೀರಾತು ಕೊಟ್ಟು ವಿಶ್ಲೇಷಿಸಿ ಎಂದರೆ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1970ರ ದಶಕದಲ್ಲಿ ಕೊಟ್ಟ ಗುರುತುಗಳು ತುಂಬಾ ಸಹಾಯಕ್ಕೆ ಬರುತ್ತವೆ. ಮೊದಲು ಕೈ ನೋಡಿ ಎನ್ನುತ್ತೇನೆ ನಾನು. ಗಂಡಸಿನ ಕೈ ವಸ್ತುವನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಬಳಸುತ್ತಿರುತ್ತದೆ. ಹೆಂಗಸಿನ ಬೆರಳು ಅದನ್ನು ಬರೀ ಸವರುತ್ತಿರುತ್ತದೆ, ಇಲ್ಲವೇ ಅವಳ ಕೆನ್ನೆಯನ್ನೇ ಮುಟ್ಟುತ್ತಿರುತ್ತದೆ. ಆಮೇಲೆ ಎತ್ತರ: ಯಾರು ಮೇಲಿದ್ದಾರೆ, ಯಾರು ಮಲಗಿದ್ದಾರೆ, ಯಾರ ಮಂಡಿ ಬಾಗಿದೆ, ಯಾರ ತಲೆ ವಾಲಿದೆ. ಆಮೇಲೆ ಕೆಲಸ: ಯಾರು ತೋರಿಸಿಕೊಡುತ್ತಿದ್ದಾರೆ, ಯಾರು ನೋಡುತ್ತಿದ್ದಾರೆ. ಕೊನೆಗೆ ಕಣ್ಣು. ಹೆಂಗಸಿನ ನೋಟ ಎಲ್ಲೋ ದೂರಕ್ಕೆ ಜಾರಿರುತ್ತದೆ, ಅವಳ ಮನಸ್ಸು ಅಲ್ಲಿ ಇಲ್ಲದ ಹಾಗೆ. ಪಕ್ಕದ ಗಂಡಸು ಎಚ್ಚರದಲ್ಲಿರುತ್ತಾನೆ.

ಒಂದು ಎಚ್ಚರಿಕೆ. ಗಂಡು ಹೆಣ್ಣು ನಿಜವಾಗಿ ಹೀಗೆ ನಡೆದುಕೊಳ್ಳುತ್ತಾರೆ ಎಂದು ಗಾಫ್‌ಮನ್ ಹೇಳಲಿಲ್ಲ. ಹೀಗೆ ನಡೆದುಕೊಳ್ಳುತ್ತಾರೆ ಎಂದು ನಾವು ಅಂದುಕೊಂಡದ್ದನ್ನು ಜಾಹೀರಾತು ತೋರಿಸುತ್ತದೆ ಎಂದರು. ಅವರು ಚಿತ್ರಗಳನ್ನು ತಾವೇ ಆರಿಸಿಕೊಂಡರು, ಎಣಿಕೆಯ ಮಾದರಿ ತೆಗೆಯಲಿಲ್ಲ ಎಂಬ ಟೀಕೆಯೂ ಇದೆ. ಅದನ್ನೂ ಬರೆಯಿರಿ. ಅಳತೆ ಬೇಕಾದರೆ 1983ರ ಡೇನ್ ಆರ್ಚರ್ ಮತ್ತು ಸಂಗಡಿಗರ ಅಧ್ಯಯನ ಇದೆ. ಅವರು ಅಳೆದದ್ದು ಪತ್ರಿಕೆಗಳ ಫೋಟೋಗಳನ್ನು. ಗಂಡಸರ ಚಿತ್ರದಲ್ಲಿ ಮುಖಕ್ಕೆ ಹೆಚ್ಚು ಜಾಗ, ಹೆಂಗಸರ ಚಿತ್ರದಲ್ಲಿ ಮೈಗೆ ಹೆಚ್ಚು ಜಾಗ ಎಂದು ಕಂಡುಬಂತು.

ಗಂಡಸರಿಗೂ ಅಚ್ಚು

ಬ್ರಿಟನ್ನಿನಲ್ಲಿ 2019ರ ಜೂನ್ 14ರಿಂದ ಒಂದು ನಿಯಮ ಜಾರಿಗೆ ಬಂತು. ಹಾನಿ ಮಾಡುವಂಥ, ಅಥವಾ ತುಂಬಾ ಜನರ ಮನಸ್ಸು ನೋಯಿಸುವಂಥ ಲಿಂಗ ಪಡಿಯಚ್ಚು ಜಾಹೀರಾತಿನಲ್ಲಿ ಇರಬಾರದು. ಅದೇ ಆಗಸ್ಟಿನಲ್ಲಿ ಅದರಡಿ ಮೊದಲ ಎರಡು ಜಾಹೀರಾತುಗಳಿಗೆ ತಡೆ ಬಿತ್ತು. ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿನಲ್ಲಿ ಸಾಹಸದ ಕೆಲಸವೆಲ್ಲ ಗಂಡಸರದ್ದು, ಹೆಂಗಸು ಮಗುವಿನ ತಳ್ಳುಗಾಡಿಯ ಪಕ್ಕ ಕೂತಿದ್ದಳು. ಇದು ಬೇಗ ಅರ್ಥವಾಗುತ್ತದೆ. ಇನ್ನೊಂದು ಫಿಲಡೆಲ್ಫಿಯಾ ಚೀಸಿನದು. ಇಬ್ಬರು ತಂದೆಯರು ತಿನ್ನುವುದರಲ್ಲಿ ಮೈಮರೆತು, ತಿಂಡಿ ಸಾಗಿಸುವ ಪಟ್ಟಿಯ ಮೇಲೆ ಮಕ್ಕಳು ಸಾಗಿಹೋಗುವ ತಮಾಷೆ.

ತಮಾಷೆಯಲ್ಲಿ ಏನು ತಪ್ಪು ಎಂದು ತರಗತಿಯಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಆ ನಗು ನಿಂತಿರುವುದು ಗಂಡಸಿಗೆ ಮಗು ನೋಡಿಕೊಳ್ಳಲು ಬರುವುದಿಲ್ಲ ಎಂಬ ಅಚ್ಚಿನ ಮೇಲೆ. ಅದರ ಇನ್ನೊಂದು ಮಗ್ಗುಲು ಏನು? ಹಾಗಾದರೆ ಅದು ಹೆಂಗಸಿನ ಕೆಲಸವೇ. ಒಂದೇ ಅಚ್ಚು ತಂದೆಯನ್ನು ಪೆದ್ದನನ್ನಾಗಿ ಮಾಡಿ ತಾಯಿಯ ಮೇಲೆ ಹೊರೆ ಹೇರುತ್ತದೆ.

ಪರಿಣಾಮ ಇದೆಯೇ?

ಇಲ್ಲಿ ಅಳತೆ ಮೀರಿ ಬರೆಯಬೇಡಿ. ಒಂದು ಜಾಹೀರಾತು ನೋಡಿ ಯಾರ ಬಾಳೂ ಬದಲಾಗುವುದಿಲ್ಲ. ಆದರೆ 2002ರಲ್ಲಿ ಪಾಲ್ ಡೇವಿಸ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ನೆನಪಿಡಿ. ಗಣಿತದಲ್ಲಿ ಮುಂದಿದ್ದ ವಿದ್ಯಾರ್ಥಿನಿಯರಿಗೆ ಪಡಿಯಚ್ಚಿನ ಟಿವಿ ಜಾಹೀರಾತು ತೋರಿಸಿದರು. ಆಮೇಲೆ ಪ್ರಶ್ನೆ ಆರಿಸಿಕೊಳ್ಳಲು ಬಿಟ್ಟಾಗ ಅವರು ಗಣಿತ ಬಿಟ್ಟು ಭಾಷೆಯ ಪ್ರಶ್ನೆಗಳ ಕಡೆ ವಾಲಿದರು. ಆ ಜಾಹೀರಾತುಗಳಲ್ಲಿ ಗಣಿತದ ಸುದ್ದಿಯೇ ಇರಲಿಲ್ಲ.

ಜೇಬಿನ ಲೆಕ್ಕವೂ ಇದೆ. 2015ರಲ್ಲಿ ನ್ಯೂಯಾರ್ಕ್ ನಗರದ ಗ್ರಾಹಕ ಇಲಾಖೆ ಸುಮಾರು 800 ವಸ್ತುಗಳ ಬೆಲೆ ಹೋಲಿಸಿತು. ಹೆಂಗಸರಿಗೆಂದು ಮಾರುವ ವಸ್ತುಗಳಿಗೆ, ಅಂಥವೇ ಗಂಡಸರ ವಸ್ತುಗಳಿಗಿಂತ ಸರಾಸರಿ ಶೇ. 7 ಜಾಸ್ತಿ ಬೆಲೆ ಇತ್ತು.

ಹೊಗಳುವ ಜಾಹೀರಾತುಗಳು

ಕೊನೆಯದಾಗಿ, ತುಂಬಾ ಜನ ಎಡವುವ ಪ್ರಶ್ನೆ: ಪಡಿಯಚ್ಚು ಮುರಿಯುವ ಜಾಹೀರಾತು ಒಳ್ಳೆಯದೇ? 2004ರಲ್ಲಿ ಯೂನಿಲಿವರ್ ಕಂಪನಿಯ ಸೋಪಿನ ಬ್ರ್ಯಾಂಡ್ ಡವ್ ಎಲ್ಲ ಮೈಕಟ್ಟಿನ, ಎಲ್ಲ ವಯಸ್ಸಿನ ಸಾಮಾನ್ಯ ಹೆಂಗಸರನ್ನು ತೋರಿಸತೊಡಗಿತು. ತೆಳ್ಳಗಿನ ರೂಪದರ್ಶಿಯರನ್ನೇ ನೋಡಿ ಬೇಸತ್ತವರಿಗೆ ಅದು ನಿಜವಾಗಿ ಹಿತವಾಗಿತ್ತು. ಹಾಗೆಂದು ಬರೆಯಲು ಹಿಂಜರಿಯಬೇಡಿ. ಅದೇ ಕಾಲದಲ್ಲಿ ಅದೇ ಯೂನಿಲಿವರ್ ಕಂಪನಿಯ ಆ್ಯಕ್ಸ್ ಸುಗಂಧದ ಜಾಹೀರಾತುಗಳಲ್ಲಿ ವಾಸನೆ ಹಿಡಿದು ಗಂಡಸಿನ ಹಿಂದೆ ಓಡುವ ಹೆಂಗಸರಿದ್ದರು. ಇವೆರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಅಂಟಿಸಿಕೊಂಡು, ಮೇಲಿನ ಮೂರು ಪ್ರಶ್ನೆಗಳನ್ನು ಎರಡಕ್ಕೂ ಕೇಳಿ: ತಿಳಿದವರು ಯಾರು, ಮಾಡುವವರು ಯಾರು, ತೀರ್ಪು ಯಾರದು. ಡವ್ ಚಿತ್ರದಲ್ಲಿ ತೀರ್ಪು ಮೆಲುವಾಗಿದೆ, ಹೆಣ್ಣಿನ ಪರವಾಗಿಯೂ ಇದೆ. ಆದರೂ ತೂಗುತ್ತಿರುವುದು ಅವಳ ಮೈಯನ್ನೇ. ನನ್ನ ಉತ್ತರ ಪತ್ರಿಕೆಯಲ್ಲಿ ನಾನು ಇಷ್ಟು ಬರೆದು, ಸೋಪಿಗೆ ಸಂಬಂಧಿಸಿದ ಒಂದು ಮಾತಾದರೂ ಆ ಜಾಹೀರಾತಿನಲ್ಲಿ ಇದೆಯೇ ಎಂದು ಹುಡುಕಲು ಮುಂದಾಗುತ್ತೇನೆ.