1080ಪಿ ಎಂದಿದ್ದರೂ ಚಿತ್ರ ಮಸುಕೇಕೆ? ವಿಸಿ ಕೋಣೆಯ ಪದಗಳ ಹಿನ್ನೆಲೆ

ಕ್ಯಾಮೆರಾ ಡಬ್ಬಿಯ ಮೇಲೆ 1080ಪಿ, ಟಿವಿ ಡಬ್ಬಿಯ ಮೇಲೆ 4ಕೆ, ಇಂಟರ್ನೆಟ್ ಬಿಲ್ಲಿನಲ್ಲಿ 100 ಎಂಬಿಪಿಎಸ್. ಮೂರೂ ನಿಜವೇ. ಆದರೂ ಆ ಕಡೆಯವರ ಮುಖ ಕಲಸಿದಂತೆ ಕಾಣುತ್ತದೆ, ಸ್ಲೈಡಿನ ಅಕ್ಷರ ಓದಲು ಬರುವುದಿಲ್ಲ. ಜಿಲ್ಲಾಧಿಕಾರಿ ಕಚೇರಿಯಿಂದ ಹಿಡಿದು ಸಾಫ್ಟ್‌ವೇರ್ ಕಂಪನಿಗಳವರೆಗೆ ಎಲ್ಲರೂ ‘ವಿಸಿ’ ಎಂದೇ ಕರೆಯುವ ಈ ವಿಡಿಯೊ ಕಾನ್ಫರೆನ್ಸ್ ವ್ಯವಸ್ಥೆಯ ಪದಗಳು ಒಂದೇ ಕಾಲದವಲ್ಲ. ಒಂದೊಂದೂ ಆಯಾ ಕಾಲದ ಇಕ್ಕಟ್ಟಿನಿಂದ ಹುಟ್ಟಿದ್ದು. ಯಾವ ಪದ ಯಾವ ಇಕ್ಕಟ್ಟಿನದು ಎಂದು ತಿಳಿದಿದ್ದರೆ ದೋಷ ಎಲ್ಲಿದೆ ಎಂದು ಹುಡುಕುವುದು ಅರ್ಧ ಸುಲಭವಾಗುತ್ತದೆ.

ಮೊದಲ ಇಕ್ಕಟ್ಟು ತಂತಿಯದು. ಅಮೆರಿಕದ ಎಟಿ ಅಂಡ್ ಟಿ ಕಂಪನಿ 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ‘ಪಿಕ್ಚರ್‌ಫೋನ್’ ತೋರಿಸಿತು. 1970ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಅದರ ವಾಣಿಜ್ಯ ಸೇವೆ ಶುರುವಾಯಿತು. ಚಿತ್ರಕ್ಕೆ ಸುಮಾರು 250 ಗೆರೆ, ಕಪ್ಪು ಬಿಳುಪು, 1 ಮೆಗಾಹರ್ಟ್ಸ್ ಅಗಲದ ಸಂಕೇತ. ಮುಖ ಕಾಣಲು ಅಷ್ಟು ಸಾಕು. ಟೈಪ್ ಮಾಡಿದ ಇಡೀ ಹಾಳೆ ಓದಲು ಸಾಲದು. ದರವೂ ದುಬಾರಿಯಾಗಿತ್ತು, ಸೇವೆ ಹೆಚ್ಚು ಕಾಲ ನಿಲ್ಲಲಿಲ್ಲ. ಮುಖ ಕಾಣುವುದು ಒಂದು ಅಗತ್ಯ, ಕಾಗದ ಓದುವುದು ಬೇರೆಯೇ ಅಗತ್ಯ. ಈ ಭೇದ ಅಂದೇ ಕಾಣಿಸಿಕೊಂಡಿತು, ಇಂದಿಗೂ ಹೋಗಿಲ್ಲ.

ಎರಡನೆಯ ಹೆಜ್ಜೆ 1988ರ ಎಚ್.261. ದೂರಸಂಪರ್ಕದ ಅಂತರರಾಷ್ಟ್ರೀಯ ಸಂಸ್ಥೆ ಒಪ್ಪಿದ, ಚಿತ್ರವನ್ನು ಕುಗ್ಗಿಸಿ ಕಳುಹಿಸುವ ಈ ಮಾನಕವನ್ನು ಐಎಸ್‌ಡಿಎನ್ ಎಂಬ ಡಿಜಿಟಲ್ ಫೋನ್ ಲೈನುಗಳಿಗಾಗಿ, 64 ಕಿಲೋಬಿಟ್‌ನ ಗುಣಕಗಳಲ್ಲಿ ರೂಪಿಸಲಾಗಿತ್ತು. ಒಂದು ಚಾನೆಲ್ ಎಂದರೆ 64, ಎರಡೆಂದರೆ 128, ಆರು ಸೇರಿದರೆ 384. ಹಳೆಯ ವಿಸಿ ಸಿಬ್ಬಂದಿ ಇವತ್ತಿಗೂ ‘384ರಲ್ಲಿ ಹಾಕಿ’ ಎನ್ನುವುದು ಆ ಲೆಕ್ಕದಿಂದ. ಚಿತ್ರದ ಅಳತೆ ಸಿಐಎಫ್: 352×288. ಈ ಅಂಕಿ ಒಂದು ರಾಜಿ. ಯುರೋಪು, ಭಾರತಗಳ 625 ಗೆರೆಯ ಪದ್ಧತಿಯಲ್ಲಿ ಕಾಣುವ 576 ಗೆರೆಗಳ ಅರ್ಧ 288, ಸೆಕೆಂಡಿಗೆ 29.97 ಚಿತ್ರ ಎಂಬುದು ಅಮೆರಿಕದ ಪದ್ಧತಿಯದು. ಇಬ್ಬರೂ ಒಂದೊಂದನ್ನು ಬಿಟ್ಟುಕೊಟ್ಟರು. ಅಗಲ 360 ಆಗದೆ 352 ಆದದ್ದಕ್ಕೂ ಕಾರಣವಿದೆ. ಚಿತ್ರವನ್ನು ಕುಗ್ಗಿಸಿ ಮತ್ತೆ ಬಿಚ್ಚುವ ಕೋಡೆಕ್ ಅದನ್ನು 16×16 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸುತ್ತದೆ. 352ನ್ನು 16ರಿಂದ ಭಾಗಿಸಿದರೆ ಸರಿಯಾಗಿ 22, 288ನ್ನು ಭಾಗಿಸಿದರೆ 18. ಒಟ್ಟು 396 ಚೌಕ. ಲೈನ್ ಸಾಲದಾದಾಗ ಮುಖ ಚೌಕ ಚೌಕವಾಗಿ ಒಡೆಯುತ್ತದಲ್ಲ, ಅದೇ ಈ ಚೌಕ.

ಒತ್ತಡ ಎಷ್ಟಿತ್ತು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಸಿಐಎಫ್ ಚಿತ್ರಕ್ಕೆ ಪಿಕ್ಸೆಲ್ಲಿಗೆ 12 ಬಿಟ್, ಸೆಕೆಂಡಿಗೆ 30 ಚಿತ್ರ ಎಂದರೆ ಸುಮಾರು 36.5 ಎಂಬಿಪಿಎಸ್. ಅದನ್ನು 384 ಕಿಲೋಬಿಟ್‌ಗೆ ಇಳಿಸಬೇಕಿತ್ತು: 95ಕ್ಕೆ ಒಂದು. ಈಗಿನ 1080ಪಿ ಚಿತ್ರ ಅದೇ ಲೆಕ್ಕದಲ್ಲಿ 746 ಎಂಬಿಪಿಎಸ್ ಬೇಡುತ್ತದೆ. ಸಭೆಯಲ್ಲಿ ಅದಕ್ಕೆ 3 ಎಂಬಿಪಿಎಸ್ ಸಿಕ್ಕರೆ 250ಕ್ಕೆ ಒಂದು. 2003ರ ಎಚ್.264, 2013ರ ಎಚ್.265 ಎಂಬ ಹೊಸ ಮಾನಕಗಳು ಬಂದದ್ದರಿಂದ ಇದು ಸಾಧ್ಯವಾಯಿತು. ಹಾಗಾಗಿ 1080ಪಿ ಎಂಬುದು ಚಿತ್ರದ ಚೌಕಟ್ಟಿನ ಅಳತೆ ಮಾತ್ರ. ಅದರೊಳಗೆ ಎಷ್ಟು ವಿವರ ಉಳಿದಿದೆ ಎಂಬುದನ್ನು ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಬಿಟ್ ಹೋಗುತ್ತದೆ ಎಂಬ ಲೆಕ್ಕ ಹೇಳುತ್ತದೆ, ಅದನ್ನು ಡಬ್ಬಿಯ ಮೇಲೆ ಯಾರೂ ಮುದ್ರಿಸುವುದಿಲ್ಲ. ಸಭೆ ನಡೆಯುವಾಗ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟ್ಯಾಟಿಸ್ಟಿಕ್ಸ್’ ಅಥವಾ ‘ಕಾಲ್ ಹೆಲ್ತ್’ ತೆರೆದು ನೋಡಿ: ಕಳುಹಿಸುತ್ತಿರುವ ರೆಸಲ್ಯೂಷನ್, ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋದ ಮಾಹಿತಿ), ಜಿಟರ್ (ಮಾಹಿತಿ ತಲುಪುವ ಹೊತ್ತಿನ ಏರುಪೇರು) ಅಲ್ಲಿರುತ್ತವೆ. ಕ್ಯಾಮೆರಾ 1080 ಆಗಿದ್ದರೂ ಅಲ್ಲಿ 640×360 ಎಂದಿದ್ದರೆ ಹೊಸ ಕ್ಯಾಮೆರಾ ಕೊಳ್ಳುವುದರಿಂದ ಏನೂ ಆಗುವುದಿಲ್ಲ.

ಮುಖ ಚೆನ್ನಾಗಿದ್ದು ಸ್ಲೈಡ್ ಮಾತ್ರ ಮಸುಕಾದರೆ ಕಾರಣ ಬೇರೆ: ಬಣ್ಣದ ಮಾಹಿತಿಯನ್ನು ತಗ್ಗಿಸುವ 4:2:0 ಪದ್ಧತಿ. ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲ. ಆದ್ದರಿಂದ ಎಚ್.261ರ ಕಾಲದಿಂದಲೂ ಬಣ್ಣದ ಮಾಹಿತಿಯನ್ನು ಅಡ್ಡಡ್ಡ ಅರ್ಧಕ್ಕೆ, ಉದ್ದುದ್ದ ಅರ್ಧಕ್ಕೆ ಇಳಿಸಿಯೇ ಕಳುಹಿಸುತ್ತಾರೆ. 1920×1080 ಚಿತ್ರದಲ್ಲಿ ಬಣ್ಣ ಇರುವುದು 960×540 ಮಾತ್ರ. ಮುಖಕ್ಕೆ ಇದು ಗೊತ್ತಾಗುವುದಿಲ್ಲ. ಆದರೆ ನೀಲಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ಹಾಕಿದರೆ ಎರಡರ ಹೊಳಪಿನಲ್ಲಿ ಹೆಚ್ಚು ಅಂತರವಿಲ್ಲ, ಅಕ್ಷರದ ಅಂಚು ನಿಂತಿರುವುದು ಬಣ್ಣದ ಮೇಲೆಯೇ. ಆ ಬಣ್ಣವೇ ಕಾಲು ಭಾಗವಾಗಿರುವಾಗ ಅಂಚು ಕದಡುತ್ತದೆ. ಕನ್ನಡಕ್ಕೆ ಇದು ಇನ್ನೂ ಕಷ್ಟ: ‘ಸ್ತ್ರೀ’, ‘ರಾಷ್ಟ್ರ’ ಇಂಥವುಗಳ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ತೀರ ಚಿಕ್ಕವು, ಮೊದಲು ಅಳಿಯುವುದು ಅವೇ. ಬಿಳಿ ಮೇಲೆ ಕಪ್ಪು, ಅಕ್ಷರ 24 ಪಾಯಿಂಟ್‌ಗಿಂತ ಕಡಿಮೆ ಬೇಡ. ಪರದೆ ಹಂಚುವಾಗ ‘ವಿಡಿಯೊಗೆ ಹೊಂದಿಸು’ ಎಂಬ ಆಯ್ಕೆಗೆ ಟಿಕ್ ಬಿದ್ದಿದ್ದರೆ ತೆಗೆಯಿರಿ. ಅದು ಚಲನೆಯನ್ನು ಉಳಿಸಲು ಸ್ಪಷ್ಟತೆಯನ್ನು ಬಲಿ ಕೊಡುತ್ತದೆ. ಸ್ಲೈಡಿಗೆ ಬೇಕಾದದ್ದು ಇದರ ವಿರುದ್ಧ. ಅದೇ ಕೋಣೆಯ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿದಾಗಲೂ ಬಣ್ಣದ ಅಕ್ಷರ ಕದಡಿದ್ದರೆ, ಟಿವಿಯ ಮೆನುವಿನಲ್ಲಿ ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು ‘ಪಿಸಿ’ ಎಂದು ಬದಲಿಸಿ. ಬಹಳಷ್ಟು ಟಿವಿಗಳು ಆಗ ಮಾತ್ರ ಪೂರ್ಣ ಬಣ್ಣಕ್ಕೆ, ಅಂದರೆ 4:4:4ಕ್ಕೆ ತಿರುಗುತ್ತವೆ.

1080ಪಿ, 1080ಐ ಎನ್ನುವಾಗಿನ ‘ಪಿ’, ‘ಐ’ ಪಿಕ್ಚರ್ ಟ್ಯೂಬಿನ ಕಾಲದವು. ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಸಲಕ್ಕೆ ಬಿಡಿಸುವುದು ಇಂಟರ್‌ಲೇಸ್ಡ್, ಎಲ್ಲವನ್ನೂ ಒಂದೇ ಸಲಕ್ಕೆ ಬಿಡಿಸುವುದು ಪ್ರೋಗ್ರೆಸಿವ್. ಚಲಿಸುವ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಕಂಡರೆ ಕ್ಯಾಮೆರಾದ ಔಟ್‌ಪುಟ್ ‘ಐ’ನಲ್ಲಿದೆ ಎಂದರ್ಥ. ಓವರ್‌ಸ್ಕ್ಯಾನ್ ಕೂಡ ಅದೇ ಕಾಲದ್ದು. ಟ್ಯೂಬಿನ ಅಂಚುಗಳು ನೆಟ್ಟಗಿರುತ್ತಿರಲಿಲ್ಲ, ಹಾಗಾಗಿ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ಮುಚ್ಚುತ್ತಿದ್ದರು. ಎಲ್‌ಇಡಿ ಟಿವಿಗೆ ಅದರ ಅಗತ್ಯವೇ ಇಲ್ಲ, ಆದರೂ ಹಲವು ಟಿವಿಗಳು ಆ ಅಭ್ಯಾಸ ಬಿಟ್ಟಿಲ್ಲ. ಲ್ಯಾಪ್‌ಟಾಪಿನ ಟಾಸ್ಕ್‌ಬಾರ್ ಪರದೆಯಾಚೆ ಹೋಗಿದ್ದರೆ ಟಿವಿಯಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಅಥವಾ ‘1:1’ ಆರಿಸಿ.

ಕೇಬಲ್ ಜೋಡಿಸಿದರೂ ‘ನೋ ಸಿಗ್ನಲ್’ ಬರುವ ಪ್ರಸಂಗದಲ್ಲಿ ಎಲ್ಲರೂ ಕೇಬಲನ್ನೇ ದೂರುತ್ತಾರೆ. ಬಹಳ ಸಲ ತಪ್ಪು ಇಡಿಐಡಿಯದು. 1990ರ ದಶಕದಲ್ಲಿ ವೆಸಾ ಸಂಸ್ಥೆ ರೂಪಿಸಿದ ಇದು ಪರದೆಯೊಳಗೆ ಕೂತಿರುವ 128 ಬೈಟ್‌ಗಳ ಪರಿಚಯ ಪತ್ರ: ನಾನು ಯಾರು, ಯಾವ ರೆಸಲ್ಯೂಷನ್ ತೋರಿಸಬಲ್ಲೆ. ಎಚ್‌ಡಿಎಂಐ ಪರದೆಗಳಲ್ಲಿ ಇನ್ನೂ 128 ಬೈಟ್ ಸೇರಿರುತ್ತವೆ. ಲ್ಯಾಪ್‌ಟಾಪ್ 18ನೇ ಪಿನ್ನಿನಲ್ಲಿ 5 ವೋಲ್ಟ್ ಕೊಡುತ್ತದೆ, ಪರದೆ 19ನೇ ಪಿನ್ನಿನ ಮೂಲಕ ‘ಇದ್ದೇನೆ’ ಎನ್ನುತ್ತದೆ, ಆಮೇಲೆ ಪತ್ರದ ಓದು. ನಡುವೆ ಹಲವು ಇನ್‌ಪುಟ್‌ಗಳಲ್ಲಿ ಒಂದನ್ನು ಆರಿಸುವ ಸ್ವಿಚರ್ ಇದ್ದು, ಲ್ಯಾಪ್‌ಟಾಪ್ ಓದುವ ಹೊತ್ತಿಗೆ ಪತ್ರ ಸಿಗದಿದ್ದರೆ ಅದು ತಾನೇ ಒಂದು ತಗ್ಗಿನ ರೆಸಲ್ಯೂಷನ್ ಆರಿಸಿಕೊಳ್ಳುತ್ತದೆ, ಇಲ್ಲವೇ ಏನನ್ನೂ ಕಳುಹಿಸುವುದಿಲ್ಲ. ಆದ್ದರಿಂದ ಮೊದಲು ಪರದೆ, ಆಮೇಲೆ ಸ್ವಿಚರ್, ಕೊನೆಗೆ ಲ್ಯಾಪ್‌ಟಾಪ್ ಆನ್ ಮಾಡಿ. ಸ್ಪ್ಲಿಟರ್‌ಗೆ ಒಂದು 4ಕೆ ಟಿವಿ, ಒಂದು ಹಳೆಯ ಪ್ರೊಜೆಕ್ಟರ್ ಜೋಡಿಸಿದ್ದರೆ ಸಾಮಾನ್ಯವಾಗಿ ಎರಡಕ್ಕೂ ಪ್ರೊಜೆಕ್ಟರಿನ ಅಳತೆಯೇ ಹೋಗುತ್ತದೆ. ಪದೇ ಪದೇ ತೊಂದರೆಯಾಗುವ ಕೋಣೆಯಲ್ಲಿ ಇಡಿಐಡಿ ಎಮ್ಯುಲೇಟರ್ ಎಂಬ, ಈ ಪತ್ರವನ್ನು ಸದಾ ಸಿದ್ಧವಾಗಿಡುವ ಬೆರಳುದ್ದದ ತುಂಡು ಹಾಕಿದರೆ ಸಾಮಾನ್ಯವಾಗಿ ಸಮಸ್ಯೆ ತೀರುತ್ತದೆ.

4ಕೆ ಪರದೆಯಲ್ಲಿ ಮೌಸ್ ತಡವರಿಸಿದರೆ ರಿಫ್ರೆಶ್ ರೇಟ್ ನೋಡಿ. 4ಕೆ ಚಿತ್ರ ಸೆಕೆಂಡಿಗೆ 30 ಸಲ ಹೋಗಲು 8.91 ಜಿಬಿಪಿಎಸ್ ಬೇಕು, 60 ಸಲಕ್ಕೆ 17.82. 2009ರ ಎಚ್‌ಡಿಎಂಐ 1.4ರ ಮಿತಿ 10.2, 2013ರ ಎಚ್‌ಡಿಎಂಐ 2.0ರ ಮಿತಿ 18. ದಾರಿಯಲ್ಲಿ ಒಂದೇ ಒಂದು ಹಳೆಯ ಅಡಾಪ್ಟರ್ ಇದ್ದರೂ ಇಡೀ ಸಾಲು 30ಕ್ಕೆ ಇಳಿಯುತ್ತದೆ. ತಾಮ್ರದ ಸಾಧಾರಣ ಕೇಬಲ್ಲಿನಲ್ಲಿ 18 ಜಿಬಿಪಿಎಸ್ ಸುಮಾರು 5 ಮೀಟರ್ ದಾಟಿದ ಮೇಲೆ ನಂಬುವಂತಿಲ್ಲ. ಪರದೆ ಮಿನುಗುವುದು, ಬಿಳಿ ಚುಕ್ಕಿ ಉದುರುವುದು ಇದರ ಲಕ್ಷಣ. ಉದ್ದ ಬೇಕಿದ್ದರೆ ಆಪ್ಟಿಕಲ್ ಎಚ್‌ಡಿಎಂಐ ಅಥವಾ ನೆಟ್‌ವರ್ಕ್ ಕೇಬಲ್ ಮೇಲೆ ಓಡುವ ಎಚ್‌ಡಿಬೇಸ್‌ಟಿ ಬಳಸಿ.

ನಮ್ಮಂಥ ದೇಶಗಳನ್ನು ಕಾಡುವ ಒಂದು ದೋಷವಿದೆ. ನಮ್ಮ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಸಿದ ವೆಬ್‌ಕ್ಯಾಮ್ 1/120 ಸೆಕೆಂಡ್ ಶಟರ್ ಬಳಸಿದಾಗ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಉರುಳುತ್ತವೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ‘ಆ್ಯಂಟಿ ಫ್ಲಿಕರ್’ ಅಥವಾ ‘ಪವರ್ ಲೈನ್ ಫ್ರೀಕ್ವೆನ್ಸಿ’ಯನ್ನು 50ಕ್ಕೆ ಇಟ್ಟರೆ ಸಾಕು.

ಇನ್ನು ಲೇಟೆನ್ಸಿ, ಅಂದರೆ ಮಾತು ಆ ಕಡೆ ತಲುಪುವ ತಡ. 2004ರಲ್ಲಿ ಇಸ್ರೊ ಹಾರಿಸಿದ ಶಿಕ್ಷಣ ಉಪಗ್ರಹ ಎಜುಸ್ಯಾಟ್‌ನ ಯೋಜನೆಯ ಪ್ರಾಯೋಗಿಕ ಹಂತದಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೂ ಇದ್ದವು. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿದೆ. ಏರಿ ಇಳಿಯಲು ಬೆಳಕಿನ ವೇಗದಲ್ಲೂ 240 ಮಿಲಿಸೆಕೆಂಡ್ ಬೇಕು. ಒಂದು ದಿಕ್ಕಿಗೆ 150ರೊಳಗಿದ್ದರೆ ಮಾತುಕತೆ ಸಹಜ ಎಂಬುದು ಅಂತರರಾಷ್ಟ್ರೀಯ ಶಿಫಾರಸು. ಪಾಠ ಕೇಳಲು ಅಡ್ಡಿಯಿಲ್ಲ, ಆದರೆ ಪ್ರಶ್ನೋತ್ತರ ಶುರುವಾದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ. ಇದನ್ನು ಯಾವ ಕೋಡೆಕ್ಕೂ ಸರಿಪಡಿಸಲಾರದು.

ಬಹಳ ಊರುಗಳನ್ನು ಒಟ್ಟಿಗೆ ಜೋಡಿಸುವ ಎಂಸಿಯು ಯಂತ್ರಗಳು ಎಲ್ಲರ ಚಿತ್ರವನ್ನೂ ಬಿಚ್ಚಿ, ಒಂದೇ ಚಿತ್ರವಾಗಿ ಹೆಣೆದು ಕಳುಹಿಸುತ್ತಿದ್ದವು. ದುಬಾರಿ, ಪೋರ್ಟಿಗಿಷ್ಟು ಎಂದು ದುಡ್ಡು. ಬ್ರೌಸರಿನಲ್ಲೇ ವಿಡಿಯೊ ಕರೆ ಮಾಡಲು ಬಿಡುವ 2011ರ ವೆಬ್‌ಆರ್‌ಟಿಸಿಯ ನಂತರ ಹಬ್ಬಿದ ಎಸ್‌ಎಫ್‌ಯು ಎಂಬ ಸರ್ವರ್ ಚಿತ್ರವನ್ನು ಬಿಚ್ಚದೆ ಹಾಗೆಯೇ ದಾಟಿಸುತ್ತದೆ. ಹೆಣೆಯುವ ಕೆಲಸ ಈಗ ನಿಮ್ಮ ಲ್ಯಾಪ್‌ಟಾಪಿನದು. ಗ್ಯಾಲರಿ ನೋಟದಲ್ಲಿ ಅದರ ಫ್ಯಾನ್ ಜೋರಾಗಿ ತಿರುಗುವುದು ಅದಕ್ಕೇ.

ಚಿತ್ರ ಕೆಟ್ಟರೂ ಸಭೆ ನಡೆಯುತ್ತದೆ, ಧ್ವನಿ ಕೆಟ್ಟರೆ ನಡೆಯುವುದಿಲ್ಲ. ಎಕೊ ವಿಷಯದಲ್ಲಿ ಒಂದು ಮಾತು ನೆನಪಿರಲಿ: ತನ್ನ ದನಿ ತನಗೇ ಮರಳಿ ಕೇಳುತ್ತಿದೆ ಎನ್ನುವವರ ಕೋಣೆಯಲ್ಲಿ ಸಾಮಾನ್ಯವಾಗಿ ದೋಷವಿರುವುದಿಲ್ಲ, ಎದುರಿನ ಯಾವುದೋ ಕೋಣೆಯ ಸ್ಪೀಕರ್‌ನಿಂದ ಹೊರಟ ದನಿ ಅಲ್ಲಿಯ ಮೈಕಿಗೆ ಸೇರುತ್ತಿರುತ್ತದೆ. ಅವರನ್ನು ಮಾತನಾಡಲು ಬಿಟ್ಟು ಉಳಿದವರನ್ನೆಲ್ಲ ಮ್ಯೂಟ್ ಮಾಡಿ, ಒಬ್ಬೊಬ್ಬರನ್ನೇ ತೆರೆಯುತ್ತ ಬನ್ನಿ. ಯಾರ ಮೈಕ್ ತೆರೆದಾಗ ಎಕೊ ಮರಳುತ್ತದೋ ಅಲ್ಲಿ ಸ್ಪೀಕರ್ ಸದ್ದು ತಗ್ಗಿಸಿ, ಮೈಕನ್ನು ಟಿವಿಯಿಂದ ದೂರ ಇಡಿ, ಟಿವಿಯ ‘ಸರೌಂಡ್’ ಪರಿಣಾಮ ಆಫ್ ಮಾಡಿ. ಅದೇ ಕೋಣೆಯಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಸಭೆಗೆ ಸೇರಿಕೊಂಡಿದ್ದರೆ ಅದರ ಮೈಕ್, ಸ್ಪೀಕರ್ ಎರಡನ್ನೂ ಮುಚ್ಚಿಸಿ.