ಪೆಟ್ಟು ತಿಂದ ಬೆಳ್ಳಿ

ಟೋಕಿಯೊದ ಕುಶಲಕರ್ಮಿಗಳು ಕೈಯಿಂದ ಮಾಡುವ ಬೆಳ್ಳಿಯ ಬಡಿಸುವ ಬಟ್ಟಲುಗಳ ಮೈತುಂಬ ಸುತ್ತಿಗೆಯ ಗುರುತುಗಳಿರುತ್ತವೆ. ಒಂದರ ಅಂಚಿನ ಮೇಲೆ ಇನ್ನೊಂದು ಕೂತು, ದೀಪದ ಬೆಳಕನ್ನು ಚೂರುಚೂರಾಗಿ ಒಡೆಯುತ್ತವೆ. ಇದನ್ನು ಬರಿಯ ಅಲಂಕಾರ ಎಂದುಕೊಳ್ಳುವವರೇ ಹೆಚ್ಚು. ಆದರೆ ಆ ಪೆಟ್ಟುಗಳು ಬೀಳದೇ ಹೋಗಿದ್ದರೆ, ಸಾರು ತುಂಬಿದ ಬಟ್ಟಲನ್ನು ಎತ್ತುವಾಗ ಅಂಚು ಬೆರಳಿನ ಒತ್ತಡಕ್ಕೇ ಬಾಗಬಹುದಿತ್ತು.

ಶುದ್ಧ ಬೆಳ್ಳಿ ತೀರ ಮೆದು. ತಾಮ್ರ ಬೆರೆಸಿದರೆ ಗಟ್ಟಿಯಾಗುತ್ತದೆ, ನಿಜ. ಆದರೆ 1979ರಲ್ಲಿ ಸಾಂಪ್ರದಾಯಿಕ ಕರಕುಶಲವೆಂದು ಜಪಾನ್ ಸರ್ಕಾರದ ಮನ್ನಣೆ ಪಡೆದ ಟೋಕಿಯೊ ಬೆಳ್ಳಿ ಪಾತ್ರೆಗಳಲ್ಲಿ ಸಾವಿರಕ್ಕೆ 925 ಪಾಲಾದರೂ ಬೆಳ್ಳಿ ಇರಲೇಬೇಕು. ಮಿಕ್ಕ ಕೆಲಸ ಸುತ್ತಿಗೆಯದು.

ಲೋಹದೊಳಗೆ ಪರಮಾಣುಗಳು ಸಾಲಾಗಿ ಕೂತಿರುತ್ತವೆ, ಅಲ್ಲಲ್ಲಿ ಸಾಲು ತಪ್ಪಿರುತ್ತದೆ. ಲೋಹ ಬಾಗುವುದು ಈ ತಪ್ಪುಗಳು ಸರಿದಾಡುವುದರಿಂದ. ಮದುವೆಮನೆಯ ದೊಡ್ಡ ಜಮಖಾನ ಎಳೆದರೆ ಜಗ್ಗುವುದಿಲ್ಲ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಅದನ್ನು ಕಾಲಿನಿಂದ ತಳ್ಳುತ್ತ ಹೋದರೆ ಸಲೀಸಾಗಿ ಸರಿಯುತ್ತದೆ. ಲೋಹದೊಳಗಿನ ಸಾಲು ತಪ್ಪುಗಳೂ ಇಂಥ ಸುಕ್ಕುಗಳೇ. ಪ್ರತಿ ಪೆಟ್ಟೂ ಬೆಳ್ಳಿಯಲ್ಲಿ ಹೊಸ ಸುಕ್ಕುಗಳನ್ನು ಎಬ್ಬಿಸುತ್ತದೆ. ಅವು ದಿಕ್ಕುದಿಕ್ಕಿಗೆ ಓಡಿ ಒಂದಕ್ಕೊಂದು ಸಿಕ್ಕಿಕೊಂಡಾಗ ಜಮಖಾನ ಅಲ್ಲಾಡದು. ಹೊಸ ಧಾತು ಸೇರಿಲ್ಲ, ತೂಕ ಹೆಚ್ಚಿಲ್ಲ, ಆದರೂ ಲೋಹ ಬೇರೆಯೇ ಆಗಿದೆ! ಈಗ ಸುತ್ತಿಗೆ ಪುಟಿಯತೊಡಗುತ್ತದೆ. ಇನ್ನೂ ಬಡಿದರೆ ಬಿರುಕು ಖಂಡಿತ. ಹಾಗಾಗಿ ಮಂದ ಕೆಂಪಾಗುವವರೆಗೆ ಕಾಯಿಸುತ್ತಾರೆ. ಪರಮಾಣುಗಳು ಹೊಸದಾಗಿ ಸಾಲುಗಟ್ಟಿ ಬೆಳ್ಳಿ ಮತ್ತೆ ಮೆದುವಾಗುತ್ತದೆ. ನಮ್ಮ ಅಕ್ಕಸಾಲಿಗಳಿಗೂ ಇದು ನಿತ್ಯದ ಕೆಲಸ. ಕೊನೆಯ ಸುತ್ತಿನ ಬಡಿತದ ನಂತರ ಮಾತ್ರ ಕಾಯಿಸುವುದಿಲ್ಲ. ಆ ಗಟ್ಟಿತನವೇ ಊಟದ ಮೇಜಿಗೆ ಬರುವುದು.

ಹಿಂದೆ ಜಪಾನಿಗೆ ಬೆಳ್ಳಿ ಎಲ್ಲಿಂದ ಬರುತ್ತಿತ್ತು? ಮುಖ್ಯವಾಗಿ ದೇಶದ ಪಶ್ಚಿಮ ಭಾಗದ ಇವಾಮಿಯ ಗಣಿಯಿಂದ. 1533ರಲ್ಲಿ ಅಲ್ಲಿಗೆ ಬಂದ ವಿಧಾನದಲ್ಲಿ ಅದಿರನ್ನು ಸೀಸದೊಡನೆ ಕರಗಿಸಿ ಬೂದಿಯ ಹಾಸಿನ ಮೇಲೆ ಕಾಯಿಸುತ್ತಿದ್ದರು. ಸೀಸವನ್ನು ಬೂದಿ ಹೀರಿಕೊಂಡು ಬೆಳ್ಳಿ ಉಳಿಯುತ್ತಿತ್ತು. ಇಂದು ದುಬಾರಿ ಅಂಗಡಿಗಳ ಬೀದಿಯಾದ ಟೋಕಿಯೊದ ಗಿಂಜಾಕ್ಕೆ 1612ರಲ್ಲಿ ಬಂದದ್ದು, ಆಗ ದೇಶವಾಳುತ್ತಿದ್ದ ಸೇನಾಧಿಪತಿ ಷೋಗನ್‌ನ ಆಡಳಿತದ ಬೆಳ್ಳಿ ಟಂಕಸಾಲೆ.

ಇನ್ನು ಆ ಹಳೆಯ ಕಟ್ಟುಕಥೆ: ಬೆಳ್ಳಿ ವಿಷವನ್ನು ಹಿಡಿದುಕೊಡುತ್ತದಂತೆ. ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕ. ಹಳೆಯ ಕಾಲದ ಪಾಷಾಣದಲ್ಲಿ ಗಂಧಕದ ಕಲಬೆರಕೆ ಇರುತ್ತಿದ್ದುದರಿಂದ ನಂಬಿಕೆ ಬೇರೂರಿತು. ಶುದ್ಧ ಪಾಷಾಣಕ್ಕೆ ಚಮಚ ಬಣ್ಣ ಬದಲಿಸುವುದಿಲ್ಲ. ನಿರಪರಾಧಿ ಬೇಯಿಸಿದ ಮೊಟ್ಟೆಗೆ ಬದಲಿಸುತ್ತದೆ.

ಜಪಾನಿನ ಕುಶಲಕರ್ಮಿಗಳು ಈ ಕಪ್ಪನ್ನು ಬೇಕೆಂದೇ ಬರಿಸುತ್ತಾರೆ. ಗಂಧಕದಿಂದ ಮೈಯನ್ನು ಕಪ್ಪಾಗಿಸಿ ಉಬ್ಬಿದ ಭಾಗಗಳನ್ನಷ್ಟೇ ಉಜ್ಜಿದರೆ ತಗ್ಗುಗಳಲ್ಲಿ ನೆರಳು ನಿಲ್ಲುತ್ತದೆ. ಅಂಥ ಪಾತ್ರೆಯನ್ನು ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ಮುಳುಗಿಸಬೇಡಿ. ಗಂಧಕವನ್ನು ಬೆಳ್ಳಿಯಿಂದ ಅಲ್ಯೂಮಿನಿಯಂ ಬಿಡಿಸಿಬಿಡುತ್ತದೆ, ಪಾತ್ರೆ ಫಳಫಳ ಹೊಳೆಯುತ್ತದೆ, ಕುಶಲಕರ್ಮಿಯ ಅರ್ಧ ಕೆಲಸ ನೀರುಪಾಲಾಗುತ್ತದೆ.